ದನಿಯಿಲ್ಲದ ವಿಮಾನ

2016ರ ಜುಲೈ 22ರ ಬೆಳಿಗ್ಗೆ ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ಸಾಗಣೆ ವಿಮಾನವು ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಒಳಗಿದ್ದವರು 29 ಮಂದಿ. ಅವರಲ್ಲಿ 8 ಮಂದಿ ಸೈನಿಕರಲ್ಲ. ವಿಶಾಖಪಟ್ಟಣದ ನೌಕಾ ಶಸ್ತ್ರಾಗಾರದ ನೌಕರರು, ನಮ್ಮಂತೆಯೇ ದುಡಿದು ಉಣ್ಣುವವರು.

ಸೈನ್ಯದ ವಿಚಾರ ಹೋಟೆಲು, ಗಿರಣಿಯವರಿಗೇಕೆ ಎನ್ನುವ ದೊಡ್ಡವರಿದ್ದಾರೆ. ಇರಲಿ. ವಾರಗಟ್ಟಲೆ ಕಡಲನ್ನು ಜಾಲಾಡಿದ ನಾವಿಕರ ಶ್ರಮವನ್ನು ನಾವು ಹಳಿಯುವುದಿಲ್ಲ. ನಮ್ಮ ಪ್ರಶ್ನೆ ವಿಮಾನವನ್ನು ಕಳುಹಿಸಿದವರಿಗೆ. ನೀರಿಗೆ ಬಿದ್ದೊಡನೆ ತಾನಾಗಿಯೇ ಸುಮಾರು 30 ದಿನ ಮಿಡಿದು ತಾನಿರುವ ಜಾಗವನ್ನು ಸಾರುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರವೊಂದುಂಟು. ಕಡಲು ದಾಟುವ ಆ ವಿಮಾನದಲ್ಲಿ ಅದೇ ಇರಲಿಲ್ಲ! ಇದ್ದಿದ್ದರೆ ಜೀವ ಉಳಿಯುತ್ತಿತ್ತೆಂದು ನಾವು ವಾದಿಸುತ್ತಿಲ್ಲ. ಹುಡುಕುವವರಿಗೆ ಒಂದು ಆಸರೆಯಾದರೂ ಇರುತ್ತಿತ್ತು. ಸೇಫ್ಟಿ ವಾಲ್ವ್ ಇಲ್ಲದ ಬಾಯ್ಲರಿಗೆ ಬೆಂಕಿ ಹಾಕೆಂದರೆ ಗಿರಣಿಯ ಕಾರ್ಮಿಕ ಸುಮ್ಮನಿರುತ್ತಿದ್ದನೇ?

ಎರಡು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರಿನಲ್ಲಿ, ಎಲ್ಲರೂ ಮೃತರೆಂದು ಭಾವಿಸಬೇಕೆಂದು ಮನೆಯವರಿಗೆ ತಿಳಿಸಿದರು. ಸಂಸ್ಕಾರಕ್ಕೆ ದೇಹವಿಲ್ಲ. 3,400 ಮೀಟರ್ ಆಳದಲ್ಲಿ ಅವಶೇಷ ಕಂಡ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಅದೂ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮಾನವರಹಿತ ಯಂತ್ರನೌಕೆ ತೆಗೆದ ಚಿತ್ರಗಳಿಂದ. ಏಳೂವರೆ ವರ್ಷ! ಅಷ್ಟು ಕಾಲ ಆ ಹೆಂಡಂದಿರು ಕುಂಕುಮ ಇಡಬೇಕೋ ಅಳಿಸಬೇಕೋ ಎಂದು ಯಾವ ಅಧಿಕಾರಿ ಹೇಳಿದನು?

ಇಂದು ಕಡಲ ಮೇಲೆ ಹಾರುವ ಪ್ರತಿಯೊಂದು ಸಾಗಣೆ ವಿಮಾನದಲ್ಲಿಯೂ ಆ ಯಂತ್ರವಿದೆಯೇ? ರಕ್ಷಣಾ ಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಉತ್ತರ ಹೇಳಲಿ.