ಹೊತ್ತಿಗೆ ಮುನ್ನ ಇಟ್ಟ ಮೊಟ್ಟೆ

ಮೊದಲ ಮೊಟ್ಟೆ ಮನೆಯಲ್ಲಿ ಒಂದು ಹಬ್ಬವನ್ನೇ ತರುತ್ತದೆ. ಮಕ್ಕಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನೆರೆಮನೆಗಳಿಗೆ ತೋರಿಸಿ ಬರುತ್ತಾರೆ. ಆದರೆ ಆ ಮೊಟ್ಟೆ ನಿಂಬೆಹಣ್ಣಿನಷ್ಟು ಚಿಕ್ಕದಾಗಿದ್ದು, ಇಟ್ಟ ಕೋಳಿಗೆ ಇನ್ನೂ ನಾಲ್ಕೇ ತಿಂಗಳಾಗಿದ್ದರೆ ಸಂತೋಷಪಡುವ ಮುನ್ನ ತುಸು ವಿಚಾರಿಸುವುದು ಒಳ್ಳೆಯದು. ಮರಾಠಿಯಲ್ಲಿ ಇಂಥ ಎಳೆಯ ಹೇಂಟೆಗೆ 'ತಲಂಗ' ಎಂಬ ಪ್ರತ್ಯೇಕ ಪದವೇ ಇದೆ. ಇನ್ನೂ ಮರಿಯಲ್ಲ, ಪೂರ್ಣ ಕೋಳಿಯೂ ಅಲ್ಲ ಎಂಬ ಆ ನಡುಗಾಲವನ್ನು ಗುರುತಿಸಿ ಹೆಸರಿಟ್ಟವರ ಜಾಣ್ಮೆಯನ್ನು ಮೆಚ್ಚಬೇಕು.

ಯಾವ ಕೋಳಿ ಯಾವಾಗ ಮೊಟ್ಟೆಗೆ ಬರಬೇಕೆಂಬುದು ತಳಿಯನ್ನು ಅವಲಂಬಿಸಿದೆ. ದೊಡ್ಡ ಸಾಕಣೆ ಕೇಂದ್ರಗಳ ಬಿ.ವಿ. 300ರಂಥ ಬಿಳಿ ಕೋಳಿ 18–19 ವಾರಗಳಲ್ಲಿ ಮೊಟ್ಟೆಯಿಡತೊಡಗಿದರೆ ಅದು ಸಹಜ. ತಲೆಮಾರುಗಳ ಆಯ್ಕೆಯಿಂದ ಅದನ್ನು ಹಾಗೆಯೇ ರೂಪಿಸಿದ್ದಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಐದೂವರೆ ತಿಂಗಳ ಆಸುಪಾಸಿನಲ್ಲಿ ಮೊಟ್ಟೆಗೆ ಬರುತ್ತದೆ. ನಮ್ಮ ಅಂಗಳದ ನಾಟಿ ಕೋಳಿಗೆ ಆರು ತಿಂಗಳು, ಕೆಲವೊಮ್ಮೆ ಏಳೂ ಬೇಕು. ಆದುದರಿಂದ ನಾಟಿ ಹೇಂಟೆ 17ನೆಯ ವಾರದಲ್ಲಿ ಮೊಟ್ಟೆಯಿಟ್ಟರೆ ಅದು ತನ್ನ ಮೈ ಕೂಡಿಕೊಳ್ಳುವ ಮೊದಲೇ ದುಡಿಮೆಗೆ ಇಳಿದಿದೆ ಎಂದು ತಿಳಿಯಬೇಕು.

ಹೀಗೇಕಾಗುತ್ತದೆ? ಮುಖ್ಯ ಕಾರಣ ಬೆಳಕು. ಕೋಳಿ ಹಗಲನ್ನು ಕಣ್ಣಿನಿಂದ ಮಾತ್ರ ಕಾಣುವುದಿಲ್ಲ. ಬೆಳಕು ತಲೆಬುರುಡೆಯನ್ನು ದಾಟಿ ಮಿದುಳಿನ ಆಳದ ಕೋಶಗಳನ್ನು ಮುಟ್ಟುತ್ತದೆ. ಫ್ರಾನ್ಸಿನ ವಿಜ್ಞಾನಿ ಝಾಕ್ ಬೆನ್ವಾ ಬಾತುಗಳ ಮೇಲೆ 1930ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಈ ದಾರಿಯನ್ನು ಮೊದಲು ತೋರಿದವು. ಹಗಲು ಉದ್ದವಾಗುತ್ತಿದೆ ಎಂದು ಮಿದುಳಿಗೆ ತಿಳಿದೊಡನೆ ಅದು ಹಾರ್ಮೋನುಗಳ ಮೂಲಕ ಅಂಡಾಶಯವನ್ನು ಎಬ್ಬಿಸುತ್ತದೆ. ಕಾಡುಕೋಳಿಗೆ ಇದು ಮರಿಗಳಿಗೆ ಮೇವು ದೊರೆಯುವ ಕಾಲ ಬಂತೆಂಬ ಸೂಚನೆ. ಊರ ಕೋಳಿ ಆ ಹಳೆಯ ಪಾಠವನ್ನು ಮರೆತಿಲ್ಲ.

ಮುರುಮದ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ, ಜೂನಿನ ಅತಿ ದೊಡ್ಡ ಹಗಲು ಸುಮಾರು 13 ಗಂಟೆ. ಮಕರ ಸಂಕ್ರಾಂತಿಯಂದು ಒಡೆದ ಮರಿಗೆ ಜೂನ್ 3ರ ಸುಮಾರಿಗೆ 20 ವಾರ ತುಂಬುತ್ತದೆ. ಅದರ ಬಾಲ್ಯವೆಲ್ಲ ಬೆಳೆಯುವ ಹಗಲಿನಲ್ಲೇ ಕಳೆಯುತ್ತದೆ. ಶ್ರಾವಣದ ಮರಿಗಾದರೋ ಹಗಲು ಕುಗ್ಗುತ್ತ ಹೋಗುತ್ತದೆ, ಅದು ನಿಧಾನಿಸುತ್ತದೆ. ಒಂದೇ ತಾಯಿಯ ಎರಡು ಸಲದ ಮರಿಗಳು ಬೇರೆಬೇರೆ ವಯಸ್ಸಿನಲ್ಲಿ ಮೊಟ್ಟೆಗೆ ಬರುವ ಗುಟ್ಟುಗಳಲ್ಲಿ ಇದೂ ಒಂದು. ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕುಂಟು. ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ಕೋಳಿ ಸರಿಯಾಗಿ ತಿನ್ನುವುದಿಲ್ಲ, ಮೈ ತುಂಬುವುದಿಲ್ಲ. ಬೆಳಕು 'ಇಡು' ಎನ್ನುತ್ತದೆ, ಮೈ 'ತಾಳು' ಎನ್ನುತ್ತದೆ.

ಇದಕ್ಕೆ ವಿದ್ಯುದ್ದೀಪ ಸೇರಿದರೆ ಕೇಳುವುದೇ ಬೇಡ. ಬೆಕ್ಕು, ಮುಂಗುಸಿಗಳ ಭಯದಿಂದ ಗೂಡಿನ ಬಳಿ ರಾತ್ರಿಯೆಲ್ಲ ದೀಪ ಉರಿಸುವ ಮನೆಗಳು ಅನೇಕ. ಮಕ್ಕಳು ಪುಸ್ತಕ ಓದಲು ಸಾಲದಂಥ ಮಂದ ಬೆಳಕೂ ಕೋಳಿಯ ಮಿದುಳಿಗೆ ಹಗಲೇ. ಮುಂಗುಸಿಗೆ ದೀಪಕ್ಕಿಂತ ಗಟ್ಟಿಯಾದ ಬಾಗಿಲು, ಸಣ್ಣ ಕಣ್ಣಿನ ಜಾಳಿಗೆ ಹೆಚ್ಚು ಉಪಯುಕ್ತ.

ಬೇಗ ಇಟ್ಟರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಸಂತೆಯಲ್ಲಿ ಅದನ್ನೇ ಗುಣವೆಂದು ಹೇಳಿ ಹೆಚ್ಚು ಬೆಲೆ ಕೇಳುವವರೂ ಇರಬಹುದು. ನಷ್ಟವಿದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೊದಲ ಮೊಟ್ಟೆಗೆ ಎರಡು ವಾರ ಮುಂಚೆ ಹೇಂಟೆಯ ಕಾಲೆಲುಬುಗಳ ಟೊಳ್ಳಿನಲ್ಲಿ ಒಂದು ಹೊಸ ಪದರ ಕಟ್ಟಿಕೊಳ್ಳುತ್ತದೆ. ಚಿಪ್ಪಿನ ಸುಣ್ಣದ ಉಗ್ರಾಣವೆಂದರೆ ಅದು. ಮೈ ಬೆಳೆಯದ ಕೋಳಿಯಲ್ಲಿ ಈ ಉಗ್ರಾಣ ಬೇಗ ಬರಿದಾಗಿ, ಎಲುಬೇ ಸವೆಯತೊಡಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಕ್ರೂರವಾದುದು. ಸೊಂಟದ ಎಲುಬುಗಳು ಇನ್ನೂ ಅಗಲವಾಗಿರುವುದಿಲ್ಲ. ಎಳೆಯ ಹೇಂಟೆಗಳು ಆಗಾಗ ಎರಡು ಹಳದಿಯ ದೊಡ್ಡ ಮೊಟ್ಟೆಯನ್ನೂ ಇಡುವುದುಂಟು. ಅದು ಸಿಕ್ಕಿಕೊಂಡರೆ, ಇಲ್ಲವೇ ತಿಣುಕಿ ಗರ್ಭನಾಳ ಹೊರಜಾರಿದರೆ, ಆ ಕೆಂಪನ್ನು ಕಂಡ ಉಳಿದ ಕೋಳಿಗಳು ಕುಕ್ಕಿ ಕೊಂದುಬಿಡುತ್ತವೆ. ಐದಾರು ಕೋಳಿಗಳ ಮೊಟ್ಟೆಯಿಂದ ಮಕ್ಕಳ ಪಾಟಿ-ಪುಸ್ತಕದ ಖರ್ಚು ತೂಗಿಸುವ ತಾಯಿಗೆ ಒಂದು ಕೋಳಿ ಹೋಯಿತೆಂದರೆ ಅದು ಸಣ್ಣ ಮಾತಲ್ಲ.

ಇಡತೊಡಗಿದ ಕೋಳಿಯನ್ನು ಸಲೀಸಾಗಿ ತಡೆಯಲಾಗದು, ಆದರೆ ಆಸರೆ ಕೊಡಬಹುದು. ರಾತ್ರಿಯ ದೀಪ ಆರಿಸಿರಿ. ಸುಣ್ಣದ ಕಲ್ಲಿನ ಹರಳನ್ನಾಗಲಿ, ಹುರಿದು ಪುಡಿಮಾಡಿದ ಮೊಟ್ಟೆಚಿಪ್ಪನ್ನಾಗಲಿ ಬೇರೊಂದು ಬಟ್ಟಲಲ್ಲಿಡಿರಿ. ಬೇಕಾದ ಕೋಳಿ ಬೇಕಾದಷ್ಟು ತಾನೇ ತಿನ್ನುತ್ತದೆ. ಎಲ್ಲಕ್ಕೂ ಒಟ್ಟಿಗೆ ಹಾಕುವ ಮೇವಿನಲ್ಲಿ ಮಾತ್ರ ಅದನ್ನು ಕಲಸಬೇಡಿರಿ. ಮೊಟ್ಟೆಕೋಳಿಯ ಮೇವಿನಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಬೆಳೆಯುವ ಮರಿಗೆ ಸುಮಾರು 1 ಸಾಕು. ಹೆಚ್ಚಾದರೆ ಮರಿಯ ಮೂತ್ರಪಿಂಡ ಕೆಡುತ್ತದೆ. ಕಾಲಿನಲ್ಲಿ ಬಲ ಕುಂದಿದ, ಬಾಲ ಜೋತು ತಿಣುಕುವ ಕೋಳಿಯನ್ನು ಕೂಡಲೇ ಕತ್ತಲೆಯ ಬುಟ್ಟಿಯಲ್ಲಿ ಬೇರೆಯಿರಿಸಿ ಪಶುವೈದ್ಯರಿಗೆ ತೋರಿಸಬೇಕು. ಉದ್ಗೀರದಲ್ಲಿ ಪಶುವೈದ್ಯ ಕಾಲೇಜಿದೆ. ಗಡಿಯಾಚೆ ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದ್ದು, ಅಲ್ಲಿ ಕನ್ನಡದಲ್ಲೇ ಕೇಳಿ ತಿಳಿಯಬಹುದು.

ಮೊದಮೊದಲ ಚಿಕ್ಕ ಮೊಟ್ಟೆಗಳನ್ನು ಕಾವಿಗೆ ಇಡಬೇಡಿರಿ. ಚಿಕ್ಕ ಮೊಟ್ಟೆಯಿಂದ ಚಿಕ್ಕ ಮರಿಯೇ ಬರುತ್ತದೆ. ಅವನ್ನು ಮಕ್ಕಳಿಗೆ ಬೇಯಿಸಿ ಕೊಡಿರಿ, ರುಚಿಗೇನೂ ಕೊರತೆಯಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಒಂದು ಮೊಟ್ಟೆ ತೂಗಿ, ತಾರೀಖಿನೊಡನೆ ವಹಿಯಲ್ಲಿ ಬರೆದಿಡಲು ಐದನೆಯ ತರಗತಿಯ ಮಗುವಿಗೆ ಹೇಳಿರಿ. ತೂಕ ಏರುತ್ತ ಹೋದರೆ ಕೋಳಿ ಚೇತರಿಸಿಕೊಳ್ಳುತ್ತಿದೆ. ತಿಂಗಳಾದರೂ ಏರದಿದ್ದರೆ ಮೊದಲು ಮೇವನ್ನೂ ಜಂತುವನ್ನೂ ಅನುಮಾನಿಸಿರಿ.