ಆಟದ ತಯಾರಿಕೆಗೂ ಅಸಲಿನ ಲೆಕ್ಕ ಬೇಕು

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಮುಂತಾದ ಕನ್ಸೋಲ್‌ಗಳಿಗೆ ಸ್ವಂತ ಬಂಡವಾಳದಿಂದ ಆಟ ರೂಪಿಸುವ ಉದ್ದಿಮೆ ಭಾರತದಲ್ಲಿಯೂ ಬೇರೂರುತ್ತಿದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಯಾರಿಸಿದ ‘ರಾಜಿ’ 2020ರ ಆಗಸ್ಟ್‌ನಲ್ಲಿ ಸ್ವಿಚ್ ಯಂತ್ರಕ್ಕೆ ಬಿಡುಗಡೆಯಾಯಿತು. ಆದರೆ 2017ರಲ್ಲಿ ಅದಕ್ಕಾಗಿ ಸಾರ್ವಜನಿಕರಿಂದ ವಂತಿಗೆ ಕೂಡಿಸುವ ಯತ್ನ ಗುರಿ ಮುಟ್ಟಿರಲಿಲ್ಲ. ಪ್ರತಿಭೆ ಇದ್ದರೂ ಬಂಡವಾಳ ಸುಲಭವಾಗಿ ಒದಗುವುದಿಲ್ಲವೆಂಬುದನ್ನು ಹೊಸಬರು ಮೊದಲೇ ಅರಿಯಬೇಕು.

ಈ ವಹಿವಾಟಿನಲ್ಲಿ ಯಂತ್ರವೂ ಅಂಗಡಿಯೂ ಒಬ್ಬನದೇ. ಕನ್ಸೋಲ್ ಕಂಪನಿಯ ಅನುಮತಿ ಮತ್ತು ತಾಂತ್ರಿಕ ಪರೀಕ್ಷೆಗಳಿಲ್ಲದೆ ಸರಕು ಮಾರಾಟಕ್ಕೆ ಬರುವಂತಿಲ್ಲ. 2012ರಲ್ಲಿ ‘ಫೆಜ್’ ಆಟದ ತಿದ್ದುಪಡಿಯೊಂದರಲ್ಲಿ ದೋಷ ಕಂಡುಬಂದಾಗ, ಮರುಪರೀಕ್ಷೆಯ ಶುಲ್ಕ ದುಬಾರಿಯೆಂದು ತಯಾರಕರು ಅದನ್ನು ಸರಿಪಡಿಸದೆ ಬಿಟ್ಟರು. ಮೈಕ್ರೋಸಾಫ್ಟ್ 2013ರಲ್ಲಿ ಆ ಶುಲ್ಕವನ್ನು ಕೈಬಿಟ್ಟಿತು. ಆದರೂ ಪರೀಕ್ಷೆಗೆ ತಗಲುವ ಕಾಲ ಮತ್ತು ದುಡಿಮೆ ವೆಚ್ಚವೇ ಆಗಿದೆ.

ಲೆಕ್ಕ ಸರಳ. ಆಟದ ಬೆಲೆ 500 ರೂಪಾಯಿ ಎಂದಿಟ್ಟುಕೊಂಡರೆ, ಅಂಗಡಿಯ ಪಾಲು ಸಾಮಾನ್ಯವಾಗಿ ಶೇ. 30 ಆಗಿರುವುದರಿಂದ, ತೆರಿಗೆಗೆ ಮುನ್ನ ತಯಾರಕನಿಗೆ ಉಳಿಯುವುದು 350 ರೂಪಾಯಿ. ತಯಾರಿಕೆಗೆ 20 ಲಕ್ಷ ವ್ಯಯವಾಗಿದ್ದರೆ ಅಸಲು ಮರಳಲು ಸುಮಾರು 5,715 ಪ್ರತಿಗಳು ಮಾರಾಟವಾಗಬೇಕು. ಅರ್ಧ ಬೆಲೆಗೆ ಮಾರಿದರೆ ಸುಮಾರು 11,430 ಪ್ರತಿಗಳು. ತಯಾರಕನ ಸ್ವಂತ ದುಡಿಮೆಗೆ ಸಂಬಳ ಕಟ್ಟದೆ ಹಾಕಿದ ಲೆಕ್ಕವು ಲೆಕ್ಕವೇ ಅಲ್ಲ.

ಒಂದೇ ಅಂಗಡಿಯನ್ನು ನೆಚ್ಚುವುದೂ ಅಪಾಯಕರ. ಹೊಸಬರಿಗಾಗಿಯೇ 2008ರಲ್ಲಿ ತೆರೆದ ಎಕ್ಸ್‌ಬಾಕ್ಸ್ 360ರ ಸ್ವತಂತ್ರ ಆಟಗಳ ವಿಭಾಗ 2017ರಲ್ಲಿ ಮುಚ್ಚಿತು. ನಿಂಟೆಂಡೊ ಸಂಸ್ಥೆಯು ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಅಂತರಜಾಲ ಅಂಗಡಿಯಲ್ಲಿ ಖರೀದಿಯನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆದುದರಿಂದ ಮೊದಲ ಆಟ ಚಿಕ್ಕದಾಗಿರಲಿ, ಹಲವು ಯಂತ್ರಗಳಿಗೆ ಒಗ್ಗುವಂತಿರಲಿ, ಅದರ ಹಕ್ಕು ತಯಾರಕನಲ್ಲಿಯೇ ಉಳಿಯಲಿ. ಎರಿಕ್ ಬರೋನ್ ನಾಲ್ಕು ವರ್ಷಕ್ಕೂ ಮೀರಿ ಏಕಾಂಗಿಯಾಗಿ ದುಡಿದು ರೂಪಿಸಿದ ‘ಸ್ಟಾರ್‌ಡ್ಯೂ ವ್ಯಾಲಿ’ 2016ರ ಫೆಬ್ರವರಿಯಲ್ಲಿ ಮೊದಲು ಕಂಪ್ಯೂಟರಿಗೆ ಬಂದು, ಗ್ರಾಹಕರ ಮೆಚ್ಚುಗೆ ಗಳಿಸಿದ ಬಳಿಕ ಡಿಸೆಂಬರ್‌ನಲ್ಲಿ ಕನ್ಸೋಲ್‌ಗಳನ್ನು ತಲುಪಿತು. ಈ ಕ್ರಮ ಅನುಕರಣೀಯ.

ಕೊನೆಯದಾಗಿ, ತೆರಿಗೆ. ವಿದೇಶಿ ಅಂಗಡಿಯಿಂದ ಬರುವ ಹಣವು ನಿಯಮಗಳಿಗೆ ಒಳಪಟ್ಟು ಸೇವಾ ರಫ್ತು ಎನಿಸುತ್ತದೆ. ಜಿಎಸ್‌ಟಿ ನೋಂದಾಯಿತರು ಪ್ರತಿ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಅಮೆರಿಕದ ಸಂಸ್ಥೆಗೆ ಡಬ್ಲ್ಯೂ-8 ನಮೂನೆಯನ್ನು ಸರಿಯಾಗಿ ತುಂಬಿ ಕೊಟ್ಟಲ್ಲಿ, ಅಲ್ಲಿನ ರಾಯಧನದ ಮೇಲೆ ಶೇ. 30ರ ಬದಲು, ಉಭಯ ದೇಶಗಳ ಒಪ್ಪಂದದಂತೆ, ಶೇ. 15 ಮಾತ್ರ ಕಡಿತವಾಗುತ್ತದೆ. ಒಂದು ಹಾಳೆಯ ಅಲಕ್ಷ್ಯದಿಂದ ಕೈಗೆ ಬರುವ ಹಣ ಇಷ್ಟು ಕುಗ್ಗಬಾರದು.

ಮಕ್ಕಳ ಇಂಥ ಸಾಹಸಕ್ಕೆ ಹಣ ತೊಡಗಿಸುವ ವರ್ತಕ ಕುಟುಂಬಗಳು ಆಟದ ಸೊಬಗನ್ನು ನೋಡುವುದರ ಜೊತೆಗೆ ಅಸಲಿನ ಲೆಕ್ಕವನ್ನೂ ಕೇಳುವುದು ಉಚಿತ. ಮೊದಲ ಆಟ ನಷ್ಟವಾದರೂ ಎರಡನೆಯದಕ್ಕೆ ಬಂಡವಾಳ ಉಳಿಯುವಂತೆ ಯೋಜಿಸುವವನೇ ಈ ಕ್ಷೇತ್ರದಲ್ಲಿ ನಿಲ್ಲಬಲ್ಲನು.