ಕಪ್ಪು ಪಟ್ಟಿಗಳ ಪರವಾಗಿ

ಅಗಲವಾದ ಟೀವಿಯ ಪರದೆಯ ಮೇಲೆ ಹಳೆಯ ಚಿತ್ರವೊಂದನ್ನು ಹಾಕಿದಾಗ ಎಡಬಲಗಳಲ್ಲಿ ಎರಡು ಕಪ್ಪು ಪಟ್ಟಿಗಳು ಉಳಿಯುವುದನ್ನು ವಾಚಕರು ಕಂಡಿರಬಹುದು. ಬಹುಮಂದಿಗೆ ಅವನ್ನು ಕಂಡರೆ ಆಗದು. ಹಣ ಕೊಟ್ಟು ತಂದ ಪರದೆಯಲ್ಲಿ ಇಷ್ಟು ಭಾಗ ಬರಿದಾಗಿ ಬಿದ್ದಿರುವುದೇ ಎಂದು ಕೂಡಲೇ ರಿಮೋಟಿಗೆ ಕೈಹಾಕುತ್ತಾರೆ. ಚಿತ್ರ ಎರಡೂ ಕಡೆಗೆ ಹಿಗ್ಗುತ್ತದೆ, ಪರದೆ ತುಂಬುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಈ ಸಮಾಧಾನ ಸಲ್ಲದೆಂದೂ, ಆ ಪಟ್ಟಿಗಳು ಅಲ್ಲಿ ಇರತಕ್ಕವೇ ಎಂದೂ ನನ್ನ ವಾದ. ಕನ್ನಡದ ಅಧ್ಯಾಪಕನಿಗೆ ಈ ಉಸಾಬರಿ ಏಕೆ ಎನ್ನುವವರು ಸ್ವಲ್ಪ ಸೈರಣೆಯಿಂದ ಓದಬೇಕೆಂದು ಪ್ರಾರ್ಥನೆ.

ನಮ್ಮ ಅಕ್ಕನ ಮದುವೆ ನಡೆದದ್ದು 1994ರಲ್ಲಿ. ಆಗ ನನಗೆ ಹದಿನೈದು ವರ್ಷ. ಮದುವೆಗೆ ವಿಡಿಯೊ ತೆಗೆಸುವ ಸಂಭ್ರಮ ನಮ್ಮಂಥ ಮನೆಗಳಿಗೂ ಆಗ ಬಂದಿತ್ತು. ಅಮ್ಮ 2009ರಲ್ಲಿ ತೀರಿಕೊಂಡಳು. ಫೋಟೋಗಳಲ್ಲಿ ನಿಂತ ಅಮ್ಮ, ಕುಳಿತ ಅಮ್ಮ ಇದ್ದಾಳೆ. ನಡೆದಾಡುವ ಅಮ್ಮ ಇರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಅದಕ್ಕೆ ಬೂಷ್ಟು ಹಿಡಿಯುವ ಮೊದಲೇ ಅಕ್ಕ ಅದನ್ನು ಕಂಪ್ಯೂಟರಿಗೆ ಇಳಿಸಿಡಿಸಿದ್ದಳು. ಕಳೆದ ದೀಪಾವಳಿಗೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದಾಗ ಅದನ್ನು ದೊಡ್ಡ ಟೀವಿಯಲ್ಲಿ ನೋಡಬೇಕೆಂದಾಯಿತು.

ಮನೆಯ ಕಂಪ್ಯೂಟರನ್ನು ಟೀವಿಗೆ ಹೊಂದಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಹಳೆಯ ಯಂತ್ರಗಳ ಹಿಂದೆ ಹದಿನೈದು ತೂತುಗಳ, ಸಾಮಾನ್ಯವಾಗಿ ನೀಲಿ ಬಣ್ಣದ, ವಿಜಿಎ ಎಂಬ ಜೋಡಣೆಯಿರುತ್ತದೆ. 1987ರಲ್ಲಿ ಬಂದದ್ದು. ಅದು ಚಿತ್ರವನ್ನು ಮಾತ್ರ ಒಯ್ಯುತ್ತದೆ. ದನಿಗೆ ಬೇರೆಯೇ ತಂತಿ ಬೇಕು. 2002ರ ಕೊನೆಯಲ್ಲಿ ಬಂದ ಎಚ್‌ಡಿಎಂಐ ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುತ್ತದೆ. ನಮ್ಮಲ್ಲಿದ್ದುದು ಇದೇ. ಆದರೂ ಮೊದಲು ಚಿತ್ರ ಟೀವಿಯಲ್ಲಿ, ನಾಗಸ್ವರ ಕಂಪ್ಯೂಟರಿನಲ್ಲಿ ಎಂಬಂತಾಯಿತು. ದನಿ ಹೋಗಬೇಕಾದದ್ದು ಎಲ್ಲಿಗೆಂದು ಕಂಪ್ಯೂಟರಿಗೆ ತಿಳಿಸಿಕೊಟ್ಟ ಮೇಲೆ ಓಲಗ ಮನೆ ತುಂಬಿತು. ಅಕ್ಕನ ಮಗ ಎಂಜಿನಿಯರು. "ಎರಡೂ ಕಡೆ ಖಾಲಿ ಇದೆಯಲ್ಲ ಮಾವ, ತುಂಬಿಸ್ತೀನಿ ತಾಳಿ" ಎಂದು ಏನೋ ಒತ್ತಿದ. ಪರದೆ ತುಂಬಿತು.

ಧಾರೆಯ ಹೊತ್ತು ಬಂತು. ಅಮ್ಮ ಗಿಂಡಿ ಹಿಡಿದು ನೀರೆರೆಯುತ್ತಿದ್ದಾಳೆ. ಅಜ್ಜಿಯನ್ನು ಕಂಡೇ ಅರಿಯದ ನನ್ನ ಒಂಬತ್ತು ವರ್ಷದ ಮಗಳು, "ಅಪ್ಪಾ, ಅಜ್ಜಿ ಇಷ್ಟು ದಪ್ಪ ಇದ್ರಾ?" ಎಂದಳು.

ಅಮ್ಮ ಕಡ್ಡಿಯಂತಿದ್ದವಳು. ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದುವು. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಹತ್ತು ನಿಮಿಷದಿಂದ ನೋಡುತ್ತಿದ್ದ ನಮಗೆ ಅದು ತೋರಿಯೇ ಇರಲಿಲ್ಲ! ತಿಳಿದ ಮುಖವನ್ನು ನಮ್ಮ ಕಣ್ಣು ತಾನೇ ತಿದ್ದಿಕೊಂಡುಬಿಡುತ್ತದೆ. ತಿಳಿಯದ ಮಗು ಏನನ್ನು ತಿದ್ದಿಕೊಂಡೀತು? ಅದಕ್ಕೆ ಕಂಡದ್ದೇ ಅಜ್ಜಿ.

ಲೆಕ್ಕ ಸರಳವಾಗಿದೆ. ಹಳೆಯ ಟೀವಿಯ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ 4:3. ಈಗಿನ ಟೀವಿಗಳದು 16:9. ಆ ಚಿತ್ರವನ್ನು ಈ ಪರದೆಗೆ ಎಳೆದರೆ ಎತ್ತರ ಇದ್ದಂತೆಯೇ ಇದ್ದು ಅಗಲ ಮಾತ್ರ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಮೂರು ಬೆರಳಗಲದ ಮುಖ ನಾಲ್ಕು ಬೆರಳಾಗುತ್ತದೆ, ಪೂರ್ಣಚಂದ್ರ ಕುಂಬಳಕಾಯಾಗುತ್ತಾನೆ. ಎಳೆಯದೆ ಹಿಗ್ಗಿಸಿದರೋ, ಆಕಾರ ಉಳಿದು ಎತ್ತರದಲ್ಲಿ ಕಾಲುಭಾಗ ಹೊರಟುಹೋಗುತ್ತದೆ. ನಿಂತವರಿಗೆ ತಲೆಯಿಲ್ಲ, ಇಲ್ಲವೇ ಪಾದವಿಲ್ಲ. ಮೂರನೆಯ ದಾರಿ, ಒಂದೊಂದು ಪಕ್ಕದಲ್ಲೂ ಪರದೆಯ ಎಂಟನೆಯ ಒಂದು ಪಾಲನ್ನು ಕಪ್ಪಾಗಿ ಬಿಡುವುದು.

4:3 ಎಂಬುದು ಯಾರದೋ ಬಡತನದ ಅಳತೆಯಲ್ಲ. ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತ 1890ರ ದಶಕದ ಆರಂಭದಲ್ಲಿ ಚಲಚ್ಚಿತ್ರದ ಫಿಲ್ಮನ್ನು ರೂಪಿಸಿದಾಗ ಬಂದ ಚೌಕಟ್ಟು ಇದು. ಮಾತು ಬಂದ ಮೇಲೆ, 1932ರಲ್ಲಿ, ಅಮೆರಿಕದಲ್ಲಿ ಅದು ಅತ್ಯಲ್ಪ ಬದಲಾವಣೆಯೊಡನೆ ಸ್ಥಿರಪಟ್ಟಿತು. ಅನಂತರ ಬಂದ ಟೀವಿ ಅದನ್ನೇ ಎತ್ತಿಕೊಂಡಿತು. ಮನೆಮನೆಗೆ ಟೀವಿ ಹೊಕ್ಕು ಚಿತ್ರಮಂದಿರಗಳು ಬರಿದಾಗತೊಡಗಿದಾಗ ಹಾಲಿವುಡ್ಡಿನವರು 1953ರಲ್ಲಿ ಸಿನಿಮಾಸ್ಕೋಪಿನ ಅಗಲ ಪರದೆಯನ್ನು ಹಾಸಿದರು. ನಮ್ಮ ದೇಶದಲ್ಲಿ ಗುರುದತ್ತರ 'ಕಾಗಜ್ ಕೆ ಫೂಲ್' 1959ರಲ್ಲಿ ಆ ಅಗಲಕ್ಕೆ ಮೊದಲು ಕಾಲಿಟ್ಟಿತು. ಈಗಿನ 16:9 ಈ ಹಲವು ಅಳತೆಗಳ ನಡುವಿನ ಒಂದು ರಾಜಿ. ಆದ್ದರಿಂದಲೇ ಸಿನಿಮಾಸ್ಕೋಪ್ ಚಿತ್ರ ಹಾಕಿದರೆ ಪಟ್ಟಿಗಳು ಮೇಲೂ ಕೆಳಗೂ ಬರುತ್ತವೆ. ರಾಜಿಯ ಪಾತ್ರೆಯಲ್ಲಿ ಎಲ್ಲವೂ ಕಂಠಪೂರ್ತಿ ತುಂಬಲೇಬೇಕೆಂಬ ಹಟವೇಕೆ?

ಎಂ.ಎ. ತರಗತಿಗೆ ನಾನು ಗ್ರಂಥಸಂಪಾದನಾಶಾಸ್ತ್ರವನ್ನೂ ಹೇಳುವವನು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿ ಬಂದದ್ದು, ಇಂದಿಗೂ ನಮ್ಮ ಮೇಜಿನ ಮೇಲಿರುತ್ತದೆ. ಓಲೆಯ ಅಂಚು ಮುರಿದು ನಾಲ್ಕು ಅಕ್ಷರ ಹೋಗಿದ್ದರೆ ಪ್ರಾಮಾಣಿಕನಾದ ಸಂಪಾದಕ ಅಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಹೋಗುತ್ತಾನೆ. ಛಂದಸ್ಸು ತುಂಬಲೆಂದು ಉಳಿದ ಅಕ್ಷರಗಳನ್ನು ಎಳೆದು ಕೂರಿಸಿದರೆ ಪದ್ಯ ನೋಡಲು ಪೂರ್ಣವಾದೀತು, ಕವಿಯದಾಗಿ ಉಳಿಯುವುದಿಲ್ಲ. ಇದನ್ನು ತರಗತಿಯಲ್ಲಿ ಗಂಟಲು ನೋಯುವಂತೆ ಹೇಳಿ, ಸಂಜೆ ಅದೇ ವಿದ್ಯಾರ್ಥಿಗಳಿಗೆ 'ಘಟಶ್ರಾದ್ಧ'ವನ್ನು (1977) ಅಡ್ಡಡ್ಡ ಹಿಗ್ಗಿಸಿ ತೋರಿಸಿದವರಲ್ಲಿ ನಾನೂ ಒಬ್ಬ ಎಂದು ಒಪ್ಪಿಕೊಳ್ಳುತ್ತೇನೆ. 'ಬೇಡರ ಕಣ್ಣಪ್ಪ'ವನ್ನೋ (1954) 'ಸಂಸ್ಕಾರ'ವನ್ನೋ (1970) ಇಂದಿನ ಹುಡುಗರು ಮೊದಲ ಬಾರಿಗೆ ನೋಡುವುದೇ ಇಂಥ ಪರದೆಗಳಲ್ಲಿ. ಅವರೂ ನನ್ನ ಮಗಳಂತೆಯೇ. ಹೋಲಿಸಿ ನೋಡಲು ಅವರ ಬಳಿ ಬೇರೆ ನೆನಪಿಲ್ಲ.

ಇನ್ನು ಬೇಗ ಕಣ್ಣಿಗೆ ಬೀಳದ ಅಪಚಾರವೊಂದುಂಟು. ಗಾಜಿನ ಕೊಳವೆಯ ಹಳೆಯ ಟೀವಿಗಳಲ್ಲಿ ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆ ಕುಂದನ್ನು ಮುಚ್ಚಲೆಂದು ಚಿತ್ರವನ್ನು ಪರದೆಗಿಂತ ತುಸು ದೊಡ್ಡದಾಗಿ ಮೂಡಿಸಿ ಸುತ್ತಲಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದರು. ಚಪ್ಪಟೆ ಟೀವಿಗೆ ಅದರ ಅಗತ್ಯವಿಲ್ಲ. ಆದರೂ ಹಿರಿಯರ ಚಾಳಿ ಬಿಡದೆ ಅನೇಕ ಟೀವಿಗಳು ಈಗಲೂ ಅಂಚು ಕತ್ತರಿಸುತ್ತವೆ. ಕಂಪ್ಯೂಟರಿನ ಪರದೆಯಲ್ಲಿ ಕೆಳಗಡೆ ಇರುವ ಸಾಲು ಟೀವಿಯಲ್ಲಿ ಕಾಣದಿದ್ದರೆ ಹೀಗಾಗಿದೆಯೆಂದು ತಿಳಿಯಬೇಕು. ನಮ್ಮಲ್ಲೂ ಕಾಣುತ್ತಿರಲಿಲ್ಲ. ಟೀವಿಯಲ್ಲಿ ಚಿತ್ರದ ಅಳತೆಯನ್ನು ಗೊತ್ತುಮಾಡುವ ಜಾಗದಲ್ಲಿ 'ಜಸ್ಟ್ ಸ್ಕ್ಯಾನ್' ಎಂದೋ 'ಸ್ಕ್ರೀನ್ ಫಿಟ್' ಎಂದೋ ಇರುತ್ತದೆ; ಒಂದೊಂದು ಕಂಪನಿಯದು ಒಂದೊಂದು ಹೆಸರು. ಅದನ್ನು ಆರಿಸಿದರೆ ಅಂಚು ಮರಳುತ್ತದೆ. ಅಕ್ಕನ ಮಗ ಅದನ್ನು ಆರಿಸಿ, ಕಂಪ್ಯೂಟರಿನಲ್ಲಿ ಚಿತ್ರದ ಪ್ರಮಾಣವನ್ನೂ 4:3ಕ್ಕೆ ತಂದ. ಕಪ್ಪು ಪಟ್ಟಿಗಳು ಬಂದುವು. ಧಾರೆಯನ್ನು ಮತ್ತೊಮ್ಮೆ ನೋಡಿದೆವು. ಅಮ್ಮನ ಬಳೆ ಜಾರಿತು.

ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಅಕ್ಕನಿಗೆ ಮೂವತ್ತು ವರ್ಷದ ಒಂದು ಕೊರಗಿತ್ತು. ಸಪ್ತಪದಿಯ ಹೊತ್ತಿಗೆ ಅಮ್ಮ ಹತ್ತಿರ ಇರಲಿಲ್ಲ, ಉಗ್ರಾಣದ ಬೀಗದಕೈ ಹಿಡಿದುಕೊಂಡು ಒಳಗೇ ಇದ್ದುಬಿಟ್ಟಳು ಎಂದು. ಅಮ್ಮ ಇದ್ದಾಗಲೂ ಹೇಳುತ್ತಿದ್ದಳು. ಅಮ್ಮ "ಇದ್ದೆ ಕಣೇ" ಎನ್ನುತ್ತಿದ್ದಳು, ಯಾರೂ ನಂಬುತ್ತಿರಲಿಲ್ಲ. ಹಳೆಯ ಟೀವಿಯಲ್ಲಿ ಎಷ್ಟು ಸಲ ಹಾಕಿದರೂ ಅಲ್ಲಿ ಕಾಣುತ್ತಿದ್ದವರು ಅಪ್ಪ, ಬೀಗರು, ಪುರೋಹಿತರು.

ಈಗ ಸಪ್ತಪದಿ ಬಂದಾಗ ಎಡಗಡೆಯ ಕೊನೆಯಲ್ಲಿ, ಹಿಂದೆಂದೂ ನಾವು ಕಂಡಿರದ ಒಂದು ಬೆರಳಗಲದ ಜಾಗದಲ್ಲಿ, ಛತ್ರದ ಕಂಬಕ್ಕೆ ಒರಗಿಕೊಂಡು ಯಾರೋ ನಿಂತಿದ್ದರು. ಮುಖ ಅರ್ಧವೇ ಕಾಣುತ್ತಿತ್ತು. ಕೈಯಲ್ಲಿ ಕಾಫಿಯ ಲೋಟ, ಕುಡಿಯುತ್ತಿರಲಿಲ್ಲ. ಸೊಂಟದಲ್ಲಿ ಬೀಗದಕೈ ಗೊಂಚಲು.

"ನಿಲ್ಲಿಸೋ" ಎಂದಳು ಅಕ್ಕ, ಮಗನಿಗೆ. ಅವನು ನಿಲ್ಲಿಸಿದ. ಅಕ್ಕ ಎದ್ದು ಟೀವಿಯ ಹತ್ತಿರ ಹೋಗಿ, ಕಪ್ಪು ಪಟ್ಟಿ ಮುಗಿದು ಚಿತ್ರ ಮೊದಲಾಗುವ ಕಡೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು.